ಬ್ರೇಕ್ ತುಳಿದರೂ ಬಿಡದ ಗೇರು: ಬೀಗ ಬಿದ್ದಿರುವುದು ಕನ್ನಡದ ಕೈಗೆ!

ಕನ್ನಡಿಗರೇ, ಇದೊಂದು ಹೊಸ ಕಾಲದ ಕಾಯಿಲೆ. ಕಾರು ಸ್ಟಾರ್ಟ್ ಆಗುತ್ತದೆ, ಎಂಜಿನ್ ಗುರ್ ಅನ್ನುತ್ತದೆ, ಏಸಿ ತಣ್ಣಗೆ ಬೀಸುತ್ತದೆ. ಆದರೆ ಗೇರ್ ಲಿವರ್ ಮಾತ್ರ 'ಪಿ' ಬಿಟ್ಟು ಕದಲುವುದಿಲ್ಲ. ಬ್ರೇಕನ್ನು ಎಷ್ಟು ತುಳಿದರೂ ಅಷ್ಟೇ. ಹತ್ತಾರು ಲಕ್ಷದ ಗಾಡಿ ಮನೆ ಮುಂದೆ ಕಲ್ಲುಗುಂಡಿನ ಹಾಗೆ ಕೂತುಬಿಡುತ್ತದೆ. ಆಟೋಮ್ಯಾಟಿಕ್ ಗೇರಿನ ಕಾರು ಕೊಂಡವರಿಗೆ ಇದರ ಅನುಭವ ಇವತ್ತಲ್ಲ ನಾಳೆ ಆಗಬಹುದು.

ಆಗ ಏನು ಮಾಡುತ್ತೀರಿ? ಕಂಪನಿಗೆ ಫೋನು ಮಾಡುತ್ತೀರಿ. ಟೋಯಿಂಗ್ ಗಾಡಿ ಬರುತ್ತದೆ, ಕಾರನ್ನು ಎತ್ತಿಕೊಂಡು ಹೋಗುತ್ತದೆ. ಗಾಜಿನ ಬಾಗಿಲಿನ ಸರ್ವಿಸ್ ಸೆಂಟರಿನಲ್ಲಿ ಒಂದು ಇಂಗ್ಲಿಷ್ ಬಿಲ್ಲು ಕೈಗೆ ಬರುತ್ತದೆ. ಅದರಲ್ಲಿ ಏನು ಹಾಳಾಗಿತ್ತು, ಏನು ಬದಲಾಯಿಸಿದರು ಎಂದು ಓದಿ ತಿಳಿಯಲು ಇನ್ನೊಬ್ಬ ಎಂಜಿನಿಯರ್ ಬೇಕು! ಅತ್ತ ನಿಮ್ಮ ಬೀದಿಯ ಕೊನೆಯಲ್ಲೇ ಗ್ಯಾರೇಜ್ ಇಟ್ಟುಕೊಂಡಿರುವ ಹುಡುಗ, ಇಪ್ಪತ್ತು ವರ್ಷ ಗ್ರೀಸಿನಲ್ಲಿ ಕೈ ಅದ್ದಿದವನು, 'ಸಾರ್, ಇದು ಕಂಪ್ಯೂಟರ್ ಗಾಡಿ, ನಮಗೆ ಬರಲ್ಲ' ಎಂದು ಕೈ ಒರೆಸಿಕೊಳ್ಳುತ್ತಾನೆ.

ಅವನಿಗೆ ಬರುವುದಿಲ್ಲ ಎಂದು ಹೇಳಿದವರು ಯಾರು? ಈ ಕಾಯಿಲೆಯಲ್ಲಿ ಅಂಥ ಬ್ರಹ್ಮವಿದ್ಯೆ ಏನೂ ಇಲ್ಲ. ಒಂದು ಫ್ಯೂಸು, ಒಂದು ಸ್ವಿಚ್ಚು, ನಾಲ್ಕು ವೈರು, ಒಂದು ಸಣ್ಣ ಕಾಯಿಲ್. ಬಹುಪಾಲು ಸಂದರ್ಭದಲ್ಲಿ ಅಷ್ಟರೊಳಗೇ ಮುಗಿಯುವ ಕೆಲಸ. ಅದನ್ನು ಬ್ರಹ್ಮವಿದ್ಯೆ ಮಾಡಿರುವುದು ಇಂಗ್ಲಿಷಿನ ಗೋಡೆ. ನಮ್ಮ ಹುಡುಗನ ಅನ್ನದ ತಟ್ಟೆಯನ್ನು ಆ ಗೋಡೆಯ ಆಚೆ ಇಟ್ಟಿದ್ದಾರೆ. ಅದಕ್ಕೇ ಇದು ಮೋಟಾರಿನ ವಿಷಯ ಆದಷ್ಟೇ ಕನ್ನಡದ ವಿಷಯವೂ ಹೌದು ಎನ್ನುತ್ತೇವೆ. ಓದಿ, ಆಮೇಲೆ ಸುಳ್ಳು ಅನ್ನಿಸಿದರೆ ಹೇಳಿ.

ಏನಿದು ಬೀಗ?

ಮೊದಲು ಇದರ ಕಥೆ ತಿಳಿಯೋಣ. ಆಟೋಮ್ಯಾಟಿಕ್ ಕಾರಿನಲ್ಲಿ ಕ್ಲಚ್ ಇಲ್ಲ. ಎಂಜಿನ್ ಓಡುತ್ತಿರುವಾಗ ಲಿವರನ್ನು 'ಡಿ'ಗೋ 'ಆರ್'ಗೋ ಎಳೆದರೆ ಗಾಡಿ ತಾನಾಗಿ ತೆವಳಲು ಶುರು ಮಾಡುತ್ತದೆ. ಬ್ರೇಕ್ ಮೇಲೆ ಕಾಲು ಇಲ್ಲದಿದ್ದರೆ, ಅಥವಾ ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿದರೆ, ಎದುರಿಗೆ ಇದ್ದವರ ಗತಿ ದೇವರೇ ಬಲ್ಲ.

1986ರಲ್ಲಿ ಅಮೆರಿಕದಲ್ಲಿ ಆಡಿ 5000 ಎಂಬ ಕಾರಿನ ಮೇಲೆ ದೊಡ್ಡ ಗಲಾಟೆ ಎದ್ದಿತು. ಗಾಡಿ ತಾನಾಗಿ ನುಗ್ಗುತ್ತದೆ ಎಂಬ ದೂರುಗಳು ಟಿ.ವಿ.ಯಲ್ಲಿ ಬಂದವು. ಅಲ್ಲಿನ ಸರಕಾರದ ರಸ್ತೆ ಸುರಕ್ಷತಾ ಇಲಾಖೆ ತನಿಖೆ ಮಾಡಿ 1989ರಲ್ಲಿ ವರದಿ ಕೊಟ್ಟಿತು: ಹೆಚ್ಚಿನ ಪ್ರಕರಣಗಳಲ್ಲಿ ಚಾಲಕರು ತಪ್ಪು ಪೆಡಲ್ ತುಳಿದಿದ್ದರು. ಅಷ್ಟರೊಳಗೆ ಆ ಕಂಪನಿ ತನ್ನ ಕಾರುಗಳಿಗೆ ಒಂದು ಬೀಗ ಹಾಕಿತ್ತು. ಬ್ರೇಕ್ ತುಳಿಯದೆ ಲಿವರ್ 'ಪಿ' ಬಿಟ್ಟು ಬರಬಾರದು! ಉಳಿದ ಕಂಪನಿಗಳೂ ಒಂದೊಂದಾಗಿ ಅದೇ ದಾರಿ ಹಿಡಿದವು. ನಿಂತ ಕಾರಿನಲ್ಲಿ ಆಟವಾಡುವ ಮಕ್ಕಳು ಲಿವರ್ ಎಳೆದು ಗಾಡಿ ಉರುಳಿಸಿಕೊಳ್ಳುವುದನ್ನು ತಪ್ಪಿಸಲು 2008ರಲ್ಲಿ ಅಂಕಿತ ಬಿದ್ದ ಕಾಯ್ದೆಯೊಂದು ಅಮೆರಿಕದಲ್ಲಿ ಈ ಬೀಗವನ್ನು ಕಡ್ಡಾಯ ಮಾಡಿತು. 2010ರ ಸೆಪ್ಟೆಂಬರ್ 1ರಿಂದ ಅಲ್ಲಿ ತಯಾರಾಗುವ, 'ಪಿ' ಇರುವ ಆಟೋಮ್ಯಾಟಿಕ್ ಕಾರುಗಳಿಗೆಲ್ಲ ಇದು ಇರಲೇಬೇಕು.

ಹಾಗಾಗಿ ಬೀಗ ಒಳ್ಳೆಯದೇ. ಜೀವ ಉಳಿಸುವ ಬೀಗ. ನಮ್ಮ ತಕರಾರು ಬೀಗದ ಮೇಲಿಲ್ಲ. ಬೀಗದ ಕೈ ಯಾವ ಭಾಷೆಯಲ್ಲಿದೆ ಎಂಬುದರ ಮೇಲೆ.

ಅದು ಕೆಲಸ ಮಾಡುವ ಬಗೆ ಹೀಗೆ. ಬ್ರೇಕ್ ಪೆಡಲಿನ ಮೇಲ್ಗಡೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಪೆಡಲ್ ತುಳಿದಾಗ ಹಿಂದಿನ ಕೆಂಪು ದೀಪ ಹತ್ತಿಸುವುದು ಅದೇ. ಆ ಸ್ವಿಚ್ಚಿನ ಸುದ್ದಿ ಕೆಲವು ಕಾರುಗಳಲ್ಲಿ ನೇರವಾಗಿ, ಹೊಸ ಕಾರುಗಳಲ್ಲಿ ಕಂಪ್ಯೂಟರ್ ಪೆಟ್ಟಿಗೆಯ ಮೂಲಕ, ಗೇರ್ ಲಿವರಿನ ಬುಡಕ್ಕೆ ಹೋಗುತ್ತದೆ. ಅಲ್ಲಿ ಸಾಲಿನಾಯ್ಡ್ ಎಂಬ ಕಾಯಿಲ್ ಇದೆ. ಕರೆಂಟ್ ಬಂದೊಡನೆ ಅದು 'ಟಿಕ್' ಎಂದು ಒಂದು ಪಿನ್ನನ್ನು ಸರಿಸುತ್ತದೆ, ಲಿವರ್ ಬಿಡುಗಡೆಯಾಗುತ್ತದೆ. ಕಾಲಿಂಗ್ ಬೆಲ್ಲಿನ ಕಾಯಿಲ್ ನೋಡಿದವನಿಗೆ ಇದು ಹೊಸದಲ್ಲ.

ಬರೆದುಕೊಳ್ಳಿ, ಕನ್ನಡದಲ್ಲೇ!

ಕಂಪನಿಗಳು ಕೊಡದಿದ್ದರೇನು, ನಾವು ಕೊಡುತ್ತೇವೆ. ಗ್ಯಾರೇಜಿನ ಗೋಡೆಗೆ ಅಂಟಿಸಿಕೊಳ್ಳಿ.

ಮೊದಲನೆಯದು. ಕೆಲಸಕ್ಕೆ ಇಳಿಯುವ ಮುಂಚೆ ಹ್ಯಾಂಡ್‌ಬ್ರೇಕ್ ಎಳೆಯಿರಿ, ಚಕ್ರಕ್ಕೆ ಕಲ್ಲು ಕೊಡಿ. ಲಿವರ್ ಬಿಡುಗಡೆಯಾದ ಕ್ಷಣ ಗಾಡಿ ಉರುಳಬಾರದು. ಇಗ್ನಿಶನ್ ಪೂರ್ತಿ 'ಆನ್' ಇದೆಯೇ ನೋಡಿ. ರೇಡಿಯೋ ಹಾಡುವ ಮಟ್ಟಕ್ಕೆ ತಿರುಗಿಸಿದರೆ ಸಾಲದು. ಬ್ಯಾಟರಿ ಅಳೆಯಿರಿ. ಎಂಜಿನ್ ನಿಲ್ಲಿಸಿದಾಗ ಸುಮಾರು 12.6 ವೋಲ್ಟ್ ಇದ್ದರೆ ಚೆನ್ನಾಗಿದೆ. ತೀರಾ ಬಿದ್ದಿದ್ದರೆ ಕಾಯಿಲ್‌ಗೆ ಪಿನ್ ಎಳೆಯುವ ಶಕ್ತಿಯೇ ಇರುವುದಿಲ್ಲ. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕದೆ ಬರೀ 'ಪಿ'ಯಲ್ಲಿ ನಿಲ್ಲಿಸಿದ್ದರೆ, ಗಾಡಿಯ ಭಾರವೆಲ್ಲ ಗೇರ್‌ಬಾಕ್ಸಿನ ಒಳಗಿನ ಕೊಂಡಿಯ ಮೇಲೆ ಕೂತು ಲಿವರ್ ಬಿಗಿಯಾಗಿರುತ್ತದೆ. ಅದು ಕರೆಂಟಿನ ದೋಷವೇ ಅಲ್ಲ.

ಎರಡನೆಯದು. ಒಬ್ಬರನ್ನು ಕಾರಿನ ಹಿಂದೆ ನಿಲ್ಲಿಸಿ ಬ್ರೇಕ್ ತುಳಿಯಿರಿ. ಕೆಂಪು ದೀಪ ಹತ್ತಿತೇ? ಅರ್ಧ ರೋಗ ಇಲ್ಲೇ ಗೊತ್ತಾಗುತ್ತದೆ. ಎಡ, ಬಲ, ನಡುವಿನ ದೀಪ ಮೂರೂ ಹತ್ತದಿದ್ದರೆ ಮೂರು ಬಲ್ಬೂ ಒಟ್ಟಿಗೆ ಸತ್ತಿರುವುದು ಅಪರೂಪ. ಬ್ರೇಕ್ ದೀಪದ ಫ್ಯೂಸ್ ನೋಡಿ. ಹೋಗಿದ್ದರೆ ಅದೇ ಆಂಪಿಯರಿನ ಇನ್ನೊಂದು ಹಾಕಿ. ಮತ್ತೆ ಹೋಯಿತೇ? ಎಲ್ಲೋ ಶಾರ್ಟ್ ಆಗಿದೆ. ದೊಡ್ಡ ಫ್ಯೂಸ್ ಹಾಕುವುದು, ತಂತಿ ಸುತ್ತುವುದು ಬೇಡವೇ ಬೇಡ, ಗಾಡಿಗೆ ಬೆಂಕಿ ಬೀಳುತ್ತದೆ. ಆಮೇಲೆ ಹೊರಗಡೆ ಕೂರಿಸಿದ ಕ್ಯಾಮೆರಾ, ಹೊಸ ಎಲ್‌ಇಡಿ ದೀಪ, ಡಿಕ್ಕಿಯ ಬಾಗಿಲ ಸಂದಿಯಲ್ಲಿ ಮಡಚಿ ಮಡಚಿ ಸವೆದ ವೈರು, ಇಲಿ ಕಡಿದ ಜಾಗ, ಇವನ್ನು ಒಂದೊಂದಾಗಿ ಹುಡುಕಿ.

ಮೂರನೆಯದು. ಫ್ಯೂಸ್ ಸರಿ ಇದೆ, ದೀಪ ಮಾತ್ರ ಹತ್ತದು. ಹಾಗಾದರೆ ಪೆಡಲಿನ ಮೇಲಿನ ಸ್ವಿಚ್ಚಿಗೆ ಬನ್ನಿ. ಬರುವ ವೈರಿನಲ್ಲಿ 12 ವೋಲ್ಟ್ ಇದ್ದು, ಪೆಡಲ್ ತುಳಿದಾಗ ಹೋಗುವ ವೈರಿನಲ್ಲಿ ಇಲ್ಲದಿದ್ದರೆ ಸ್ವಿಚ್ ಸತ್ತಿದೆ ಅಥವಾ ಜಾಗ ಬಿಟ್ಟು ಸರಿದಿದೆ. ಇನ್ನೊಂದು ತಮಾಷೆ ಕೇಳಿ. ಕೆಲವು ಕಾರುಗಳಲ್ಲಿ ಸ್ವಿಚ್ಚಿನ ಮೂತಿ ತಾಗುವ ಕಡೆ ಪೆಡಲಿಗೆ ಒಂದು ಸಣ್ಣ ರಬ್ಬರೋ ಪ್ಲಾಸ್ಟಿಕ್ಕೋ ಬಿಲ್ಲೆ ಇರುತ್ತದೆ. ಅದು ಹಳತಾಗಿ ಪುಡಿಯಾಗಿ ಬಿದ್ದರೆ ಮೂತಿ ತೂತಿನೊಳಗೆ ಹೊಕ್ಕು, ಪೆಡಲ್ ತುಳಿಯದಿದ್ದರೂ ದೀಪ ಹತ್ತೇ ಇರುತ್ತದೆ. ಬ್ಯಾಟರಿ ಇಳಿಯುತ್ತದೆ, ಬೀಗವೂ ತೆರೆದೇ ಇರುತ್ತದೆ. ಗೇರು ಸಲೀಸಾಗಿ ಬರುತ್ತದೆ ಎಂದು ಮಾಲೀಕ ಖುಷಿಯಲ್ಲಿರುತ್ತಾನೆ, ಮಗು ಲಿವರ್ ಎಳೆದರೆ ತಡೆಯುವವರಿಲ್ಲ!

ನಾಲ್ಕನೆಯದು. ದೀಪ ಹತ್ತುತ್ತದೆ, ಗೇರು ಬಿಡುವುದಿಲ್ಲ. ಎಂಜಿನ್ ಆರಿಸಿ, ಇಗ್ನಿಶನ್ ಆನ್ ಇಟ್ಟು, ಲಿವರಿನ ಬುಡಕ್ಕೆ ಕಿವಿ ಕೊಟ್ಟು ಬ್ರೇಕ್ ತುಳಿಯಿರಿ. 'ಟಿಕ್' ಅಂದಿತೇ? ಅಂದರೆ ಕರೆಂಟ್ ಬರುತ್ತಿದೆ, ಕಾಯಿಲ್ ಜೀವಂತ ಇದೆ. ಪಿನ್ನೋ ಪ್ಲಾಸ್ಟಿಕ್ಕೋ ಮುರಿದಿದೆ, ಇಲ್ಲವೇ ಬಿದ್ದ ನಾಣ್ಯ, ಚೆಲ್ಲಿದ ಕಾಫಿ, ಜ್ಯೂಸು ಒಳಗೆ ಹೋಗಿ ಅಂಟಾಗಿದೆ.

ಐದನೆಯದು. 'ಟಿಕ್' ಇಲ್ಲ. ಕನ್ಸೋಲ್ ಬಿಚ್ಚಿ ಸಾಲಿನಾಯ್ಡಿನ ಕಪ್ಲರ್‌ಗೆ ಮೀಟರ್ ಹಿಡಿಯಿರಿ. ಬ್ರೇಕ್ ತುಳಿದಾಗ 12 ವೋಲ್ಟ್ ಬಂದು, ಅರ್ಥ್ ಕೂಡ ಚೆನ್ನಾಗಿದ್ದರೆ ಕಾಯಿಲ್ ಸುಟ್ಟಿದೆ. ಕಪ್ಲರ್ ಬಿಚ್ಚಿ ಓಮ್ಸ್‌ನಲ್ಲಿ ಅಳೆದರೆ ಸಾಕ್ಷಿ ಸಿಗುತ್ತದೆ: ಮೀಟರ್ ಏನನ್ನೂ ತೋರಿಸದಿದ್ದರೆ ಒಳಗಿನ ತಂತಿ ಕಟ್ಟಾಗಿದೆ. ಅರ್ಥ್ ಪರೀಕ್ಷೆಗೆ ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಅರ್ಥ್ ವೈರಿಗೆ ಹಿಡಿದು ಬ್ರೇಕ್ ತುಳಿಸಿ. ಸೊನ್ನೆಯ ಹತ್ತಿರವೇ ಇರಬೇಕು. ಅರ್ಧ ವೋಲ್ಟು, ಒಂದು ವೋಲ್ಟು ತೋರಿಸಿದರೆ ತುಕ್ಕು ಹಿಡಿದ ಅರ್ಥ್. ಮಳೆನೀರು ನುಗ್ಗಿ ಕಾರ್ಪೆಟ್ ಅಡಿ ತೇವ ನಿಂತ ಗಾಡಿಗಳಲ್ಲಿ ಇದನ್ನೇ ಮೊದಲು ನೋಡಿ. ಕಾಯಿಲ್‌ನ ಅರ್ಥನ್ನು ಕಂಪ್ಯೂಟರ್ ಪೆಟ್ಟಿಗೆಯೇ ಕೊಡುವ ಗಾಡಿಗಳೂ ಇವೆ. ಅಲ್ಲಿ ಆ ಮಾಡೆಲ್ಲಿನ ವೈರಿಂಗ್ ನಕ್ಷೆ ನೋಡದೆ ತೀರ್ಪು ಕೊಡಬೇಡಿ.

ಆರನೆಯದು. ಕಪ್ಲರ್‌ಗೆ ಕರೆಂಟೇ ಬಂದಿಲ್ಲ, ಆದರೆ ಹಿಂದಿನ ದೀಪ ಹತ್ತುತ್ತಿದೆ. ಮೋಸ ಹೋಗುವುದು ಇಲ್ಲೇ. ಹೊಸ ಕಾರುಗಳ ಬ್ರೇಕ್ ಸ್ವಿಚ್ಚಿನಲ್ಲಿ ಎರಡು ಜೋಡಿ ಇರುತ್ತವೆ, ಒಂದು ದೀಪಕ್ಕೆ, ಒಂದು ಕಂಪ್ಯೂಟರಿಗೆ. ದೀಪದ ಜೋಡಿ ಚೆನ್ನಾಗಿದ್ದು ಇನ್ನೊಂದು ಸತ್ತಿರಬಹುದು. ಸ್ಕ್ಯಾನರ್ ಹಾಕಿದರೆ ಪಿ0571, ಪಿ0703, ಪಿ0504 ಎಂಬ ಕೋಡುಗಳು ಬರುವುದು ಬ್ರೇಕ್ ಸ್ವಿಚ್ಚಿನ ಈ ಗೋಳಿಗೇ. ಲೈವ್ ಡೇಟಾದಲ್ಲಿ ಪೆಡಲ್ ತುಳಿದಾಗ ಬ್ರೇಕ್ ಸ್ವಿಚ್ 'ಆನ್' ಆಗುತ್ತದೆಯೇ ನೋಡಿದರೆ ವಿಷಯ ಮುಗಿಯಿತು. ಕೋಡ್ ಬಂತೆಂದು ಕಣ್ಣು ಮುಚ್ಚಿ ಸ್ವಿಚ್ ಬದಲಾಯಿಸಬೇಡಿ; ವೈರು, ಕಪ್ಲರ್ ನೋಡಿ ಆಮೇಲೆ ಗಿರಾಕಿಯ ದುಡ್ಡಿಗೆ ಕೈ ಹಾಕಿ.

ಎರಡು ಎಚ್ಚರಿಕೆ. ಹಳದಿ ಬಣ್ಣದ ಕಪ್ಲರ್ ಸಾಮಾನ್ಯವಾಗಿ ಏರ್‌ಬ್ಯಾಗಿನದು, ಅದಕ್ಕೆ ಏನನ್ನೂ ಚುಚ್ಚಬೇಡಿ. ಕಂಪ್ಯೂಟರ್ ಪೆಟ್ಟಿಗೆಗೆ ಹೋಗುವ ವೈರುಗಳಿಗೆ ಹಳೇ ಬಲ್ಬಿನ ಟೆಸ್ಟ್ ಲ್ಯಾಂಪ್ ಹಿಡಿಯಬೇಡಿ, ಅದು ಎಳೆಯುವ ಕರೆಂಟಿಗೆ ಪೆಟ್ಟಿಗೆ ಹಾಳಾಗಬಹುದು. ಮೀಟರನ್ನೇ ಬಳಸಿ.

ದಾರಿಯಲ್ಲಿ ಸಿಕ್ಕಿಕೊಂಡ ಮಾಲೀಕರಿಗೂ ಒಂದು ಮಾತು. ಅನೇಕ ಕಾರುಗಳಲ್ಲಿ ಲಿವರಿನ ಪಕ್ಕ ಒಂದು ಚಿಕ್ಕ ಮುಚ್ಚಳ ಇದೆ. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ತುಳಿದುಕೊಂಡೇ, ಮುಚ್ಚಳ ತೆಗೆದು ಒಳಗೆ ಕೀಲಿಯ ತುದಿಯಿಂದ ಒತ್ತಿದರೆ ಲಿವರ್ 'ಎನ್'ಗೆ ಬರುತ್ತದೆ. ಆದರೆ ಬ್ರೇಕ್ ದೀಪ ಹತ್ತದ ಗಾಡಿಯನ್ನು ಹಾಗೇ ಓಡಿಸಿದರೆ ಹಿಂದಿನಿಂದ ಬರುವವನು ಗುದ್ದುತ್ತಾನೆ. ಗ್ಯಾರೇಜಿನವರೂ ಪಿನ್ನನ್ನು ಶಾಶ್ವತವಾಗಿ ಕಿತ್ತು 'ಸರಿ ಮಾಡಿದೆ' ಅನ್ನಬೇಡಿ. ಈಗ ಹೆಚ್ಚಾಗಿ ಓಡುವ ಎಎಂಟಿ ಕಾರುಗಳಲ್ಲಿ ಬಹುತೇಕವುಗಳಿಗೆ 'ಪಿ'ಯೇ ಇಲ್ಲ. ಅಲ್ಲಿ ಬ್ರೇಕ್ ಸ್ವಿಚ್ ಸತ್ತರೆ ಗಾಡಿ ಸ್ಟಾರ್ಟ್ ಆಗದೆ ಇರಬಹುದು, ಗೇರ್ ಹಿಡಿಯದೆ ಇರಬಹುದು. ಮೂಲ ಒಂದೇ.

'ಡಿಪ್ರೆಸ್' ಅಂದರೆ ಬೇಜಾರು ಮಾಡುವುದೇ?

ಹೇಳಿ ಸ್ವಾಮಿ, ಮೇಲೆ ಬರೆದದ್ದರಲ್ಲಿ ನಮ್ಮ ಹುಡುಗನಿಗೆ ಅರ್ಥವಾಗದ್ದು ಏನಿದೆ? ಮೀಟರ್ ಹಿಡಿಯಲು ಅವನಿಗೆ ಬರುತ್ತದೆ. ಫ್ಯೂಸ್, ರಿಲೇ, ಅರ್ಥ್ ಅವನ ಮನೆಮಾತು. ಕಿವಿಯಿಂದಲೇ ಎಂಜಿನ್ನಿನ ರೋಗ ಹೇಳುವವನು ಅವನು. ಅವನ ಕೈ ಕಟ್ಟಿರುವುದು ಪುಸ್ತಕ.

ಆ ಪುಸ್ತಕದ ಇಂಗ್ಲಿಷ್ ನೋಡಿ. 'ಡಿಪ್ರೆಸ್ ದ ಬ್ರೇಕ್ ಪೆಡಲ್' ಎಂದು ಬರೆದಿರುತ್ತಾರೆ. ನಮ್ಮ ಹುಡುಗ ಕೇಳಿರುವ ಡಿಪ್ರೆಶನ್ನು ಮನಸ್ಸಿನ ಕಾಯಿಲೆ. ಪೆಡಲಿಗೆ ಬೇಜಾರು ಮಾಡಬೇಕೇ? 'ತುಳಿ' ಎಂಬ ಎರಡಕ್ಷರದ ಮಾತು ಕನ್ನಡದಲ್ಲಿ ಇಲ್ಲವೇ? 'ಸರ್ಕ್ಯೂಟ್ ಓಪನ್' ಎನ್ನುತ್ತದೆ ಸ್ಕ್ಯಾನರ್. ನಲ್ಲಿ ಓಪನ್ ಅಂದರೆ ನೀರು ಬರುತ್ತದೆ, ಬಾಗಿಲು ಓಪನ್ ಅಂದರೆ ಜನ ಬರುತ್ತಾರೆ. ಇಲ್ಲಿ ಓಪನ್ ಅಂದರೆ ಕರೆಂಟ್ ನಿಂತಿದೆ, ವೈರು ಕಟ್ಟಾಗಿದೆ! ಇದನ್ನು ತಿರುವುಮುರುವು ಓದಿದವನು ಚೆನ್ನಾಗಿರುವ ಪೆಟ್ಟಿಗೆಯನ್ನು ಕಿತ್ತು ಬಿಸಾಡುತ್ತಾನೆ, ಗಿರಾಕಿಗೆ ಸಾವಿರಾರು ರೂಪಾಯಿ ನಾಮ. ತಪ್ಪು ಹುಡುಗನದೇ?

ಗ್ಯಾರೇಜಿನ ಕನ್ನಡಕ್ಕೆ ಇದೆಲ್ಲ ಯಾವತ್ತೋ ಗೊತ್ತು. 'ಲೈನ್ ಬರ್ತಿಲ್ಲ', 'ಒಳಗೆ ಕಟ್ಟಾಗಿದೆ', 'ಬಾಡಿ ಅರ್ಥ್ ಸಿಕ್ತಿಲ್ಲ', 'ಲೂಸ್ ಕಾಂಟ್ಯಾಕ್ಟ್', 'ಕಾಯಿಲ್ ಎಳೀತಿಲ್ಲ'. ಇದರಲ್ಲಿ ಇಂಗ್ಲಿಷ್ ಪದ ಇದ್ದರೂ ಬೆನ್ನೆಲುಬು ಕನ್ನಡದ್ದು. ಈ ಭಾಷೆಯಲ್ಲಿ ಪುಸ್ತಕ ಬರೆಯಿರಿ ಎಂದರೆ ನಮ್ಮ ಕೆಲವು ಪಂಡಿತರು 'ಗತಿರೋಧಕ ಪ್ರಸರಣ ಅಂತರ್ಬಂಧ ವ್ಯವಸ್ಥೆ' ಎಂದು ಬರೆದು ಕೊಟ್ಟಾರು! ಅದಕ್ಕಿಂತ ಇಂಗ್ಲಿಷೇ ವಾಸಿ ಎಂದು ಹುಡುಗ ಓಡಿಹೋಗುತ್ತಾನೆ. ಕನ್ನಡದ ಹೆಸರಿನಲ್ಲಿ ಕನ್ನಡಿಗನನ್ನೇ ಹೊರಗಿಡುವ ಈ ಕೆಲಸವನ್ನೂ ನಾವು ಒಪ್ಪುವುದಿಲ್ಲ. ಬ್ರೇಕ್ ಬ್ರೇಕೇ ಆಗಿರಲಿ, ಸ್ವಿಚ್ ಸ್ವಿಚ್ಚೇ ಆಗಿರಲಿ. 'ಹೀಗೆ ಮಾಡು, ಹೀಗೆ ಮಾಡಬೇಡ, ಮಾಡಿದರೆ ಹೀಗಾಗುತ್ತದೆ' ಎಂಬುದು ಕನ್ನಡದಲ್ಲಿ ಬರಲಿ. ನಾವು ಕೇಳುತ್ತಿರುವುದು ಅಷ್ಟು.

ಇನ್ನೊಂದು ಮಾತನ್ನೂ ಸ್ಪಷ್ಟ ಮಾಡುತ್ತೇವೆ. ಬೆಂಗಳೂರಿನ ಗ್ಯಾರೇಜಿನ ಹುಡುಗ ಮನೆಯಲ್ಲಿ ಉರ್ದು ಆಡಬಹುದು, ತಮಿಳೋ ತೆಲುಗೋ ಆಡಬಹುದು, ಕರಾವಳಿಯವನಾದರೆ ತುಳುವೋ ಕೊಂಕಣಿಯೋ ಆಡಬಹುದು. ಶಾಲೆಯಲ್ಲಿ ಕನ್ನಡ ಓದಿದವನು, ಗಿರಾಕಿಯ ಹತ್ತಿರ ಕನ್ನಡದಲ್ಲಿ ಲೆಕ್ಕ ಹೇಳುವವನು ನಮ್ಮವನೇ. ಕನ್ನಡದ ಕೈಪಿಡಿ ಬಂದರೆ ಹೊಟ್ಟೆ ತುಂಬುವುದು ಅವರೆಲ್ಲರದೂ.

ದಿಲ್ಲಿಯ ಕಾನೂನಿನಲ್ಲಿ ಕನ್ನಡ ಎಲ್ಲಿ?

ಈಗ ಕಾನೂನಿನ ಬಣ್ಣ ನೋಡೋಣ. ಕಾರು ಕಂಪನಿಗಳು ಬಿಡಿಭಾಗಗಳನ್ನೂ ರೋಗ ಪತ್ತೆ ಮಾಡುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಬಿಗಿಹಿಡಿದಿವೆ ಎಂಬ ದೂರು 2011ರಲ್ಲಿ ಭಾರತದ ಸ್ಪರ್ಧಾ ಆಯೋಗದ ಮುಂದೆ ಬಂತು. 2014ರ ಆಗಸ್ಟ್ 25ರಂದು ಆಯೋಗ 14 ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೇಲ್ಪಟ್ಟು ದಂಡ ಹಾಕಿತು. ಬಿಡಿಭಾಗ, ಉಪಕರಣಗಳು ಹೊರಗಿನ ಗ್ಯಾರೇಜಿಗೂ ಸಿಗಬೇಕು ಎಂದು ಆದೇಶಿಸಿತು. ಕಂಪನಿಗಳು ಮೇಲ್ಮನವಿ ಹೂಡಿದವು. ದಂಡದ ಕಥೆ ಹಾಗಿರಲಿ; ಬೀದಿಯ ಗ್ಯಾರೇಜಿಗೂ ಮಾಹಿತಿಯ ಹಕ್ಕಿದೆ ಎಂಬ ತತ್ವವನ್ನು ಆಯೋಗ ಎತ್ತಿ ಹಿಡಿಯಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿ ಹಕ್ಕಿ'ಗೆಂದು ಸಮಿತಿ ಮಾಡಿತು, ಡಿಸೆಂಬರಿನಲ್ಲಿ ಜಾಲತಾಣವನ್ನೂ ತೆರೆಯಿತು. ಬಹಳ ಸಂತೋಷ. ಆದರೆ ಒಂದು ಪ್ರಶ್ನೆ: ಹಕ್ಕು ಕೊಟ್ಟು ಅದನ್ನು ಓದಲಾಗದ ಭಾಷೆಯಲ್ಲಿ ಇಟ್ಟರೆ ಅದು ಯಾರ ಹಕ್ಕು? ಕುರುಡನ ಕೈಗೆ ಕನ್ನಡಿ ಕೊಟ್ಟ ಹಾಗಾಯಿತು.

ಜೆ.ಸಿ. ರಸ್ತೆಯ ಅಂಗಡಿಯಿಂದ ಒಂದು ಬ್ರೇಕ್ ಸ್ವಿಚ್ಚಿನ ಪೊಟ್ಟಣ ತನ್ನಿ. ಅದರ ಮೇಲೆ ತಯಾರಕರ ವಿಳಾಸ, ಬೆಲೆ, ತಿಂಗಳು ಇತ್ಯಾದಿ ಯಾವ ಭಾಷೆಯಲ್ಲಿರಬೇಕು ಎಂದು ಕೇಂದ್ರದ ಕಾನೂನುಬದ್ಧ ಮಾಪನಶಾಸ್ತ್ರ ನಿಯಮಗಳು (2011) ಹೇಳುತ್ತವೆ: ದೇವನಾಗರಿಯ ಹಿಂದಿ ಅಥವಾ ಇಂಗ್ಲಿಷ್. ಬೇರೆ ಭಾಷೆ ಬೇಕಾದರೆ ಜೊತೆಗೆ ಹಾಕಿಕೊಳ್ಳಬಹುದಂತೆ, ಕಡ್ಡಾಯವಿಲ್ಲ! ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ 22 ಭಾಷೆಗಳಿವೆ. ಪೊಟ್ಟಣದ ಮೇಲೆ ಮಾತ್ರ ಒಂದು ದಿಲ್ಲಿಯ ಭಾಷೆ, ಒಂದು ಲಂಡನ್ನಿನ ಭಾಷೆ. ಕೊಪ್ಪಳದ ಗಿರಾಕಿಯೂ ಮಂಡ್ಯದ ಮೆಕ್ಯಾನಿಕ್ಕೂ ಈ ದೇಶದ ಪ್ರಜೆಗಳಲ್ಲವೇ?

'ಎಲ್ಲ ಭಾಷೆಯಲ್ಲೂ ಕೊಡುವುದು ಸಾಧ್ಯವೇ?' ಎಂದು ಕೇಳುವ ಜಾಣರಿದ್ದಾರೆ. ಕೆನಡಾದ ಕ್ವಿಬೆಕ್ ಪ್ರಾಂತ್ಯವನ್ನು ನೋಡಲಿ. ಅದು ಇಡೀ ದೇಶವೂ ಅಲ್ಲ, ನಮ್ಮ ಹಾಗೆಯೇ ಒಂದು ರಾಜ್ಯ. ಅಲ್ಲಿ 1977ರ ಭಾಷಾ ಸನ್ನದು ಬಂದಾಗಿನಿಂದ ವಸ್ತುವಿನ ಮೇಲಿನ ಬರಹ, ಜೊತೆಗೆ ಬರುವ ಬಳಕೆಯ ಸೂಚನೆ, ವಾರಂಟಿ ಪತ್ರ ಎಲ್ಲ ಫ್ರೆಂಚಿನಲ್ಲಿ ಇರಬೇಕು. ಫ್ರಾನ್ಸ್ 1994ರಲ್ಲಿ ತನ್ನ ಕಾನೂನು ಮಾಡಿ ಇದನ್ನೇ ಹೇಳಿತು. ಕಾರು ಕಂಪನಿಗಳು ಅಲ್ಲಿಂದ ಗಂಟುಮೂಟೆ ಕಟ್ಟಿಕೊಂಡು ಓಡಿಹೋದವೇ? ಇಲ್ಲ! ಬಾಯಿ ಮುಚ್ಚಿಕೊಂಡು ಫ್ರೆಂಚಿನಲ್ಲಿ ಅಚ್ಚು ಹಾಕಿಸಿದವು. ಕ್ವಿಬೆಕ್ಕಿನ ಜನಸಂಖ್ಯೆ ಒಂದು ಕೋಟಿಯೂ ಇಲ್ಲ. ಕರ್ನಾಟಕದ ಜನ ಆರು ಕೋಟಿಗೂ ಮೀರಿದವರು. ಅಲ್ಲಿ ಆಗುವುದು ಇಲ್ಲಿ ಏಕೆ ಆಗುವುದಿಲ್ಲ? ಅಲ್ಲಿನವರು ಕೇಳಿದರು, ನಾವು ಕೇಳಲಿಲ್ಲ.

'ಖರ್ಚು ಜಾಸ್ತಿ' ಎನ್ನುತ್ತಾರೆ. ಕಾರು ಮಾರುವಾಗ ಕನ್ನಡ ಪತ್ರಿಕೆಯಲ್ಲಿ ಪುಟಗಟ್ಟಲೆ ಜಾಹೀರಾತು ಕೊಡಲು ಖರ್ಚು ನೆನಪಾಗುವುದಿಲ್ಲ. ದುಡ್ಡು ಎಣಿಸುವಾಗ ಕನ್ನಡ, ಕೈಪಿಡಿ ಕೊಡುವಾಗ ಇಂಗ್ಲಿಷ್! ಒಂದು ಮಾಡೆಲ್ಲಿಗೆ ಒಂದು ಸಲ ಅನುವಾದ ಮಾಡಿದರೆ ಆ ಮಾಡೆಲ್ ಮಾರಾಟವಾಗುವಷ್ಟು ವರ್ಷ ನಡೆಯುತ್ತದೆ. ಅಚ್ಚು ಹಾಕುವುದೂ ಬೇಡ, ಫೋನಿಗೆ ಇಳಿಸಿಕೊಳ್ಳುವ ಕಡತ ಕೊಟ್ಟರೂ ಸಾಕು. ಸ್ಕ್ಯಾನರ್‌ಗಳಲ್ಲಿ ಭಾಷೆ ಆರಿಸುವ ಪಟ್ಟಿ ಇರುವುದು ನಮಗೂ ಗೊತ್ತು. ಆ ಪಟ್ಟಿಗೆ ಇನ್ನೊಂದು ಸಾಲು ಸೇರಿಸಬೇಕು, ಅಷ್ಟೇ. ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲ ಎಂಬ ಹಳೇ ಸುಳ್ಳು ಇನ್ನು ನಡೆಯದು. ಯುನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿ 1991ರಿಂದ ಲೆಕ್ಕ ಹಾಕಿ.

ನಮ್ಮವರಿಗೂ ಎರಡು ಮಾತು

ಬರೀ ದಿಲ್ಲಿಯನ್ನು ಬೈದರೆ ಸಾಲದು. ವಿಧಾನಸೌಧದಲ್ಲಿ ಕೂತವರಿಗೂ ಕೇಳಬೇಕು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ, 2022 ಎಂಬುದು ನಮ್ಮ ಕೈಯಲ್ಲೇ ಇದೆ. ಕರ್ನಾಟಕದಲ್ಲಿ ತಯಾರಾಗುವ ಕೈಗಾರಿಕಾ ಮತ್ತು ಗ್ರಾಹಕ ವಸ್ತುಗಳ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಎಂದು ಅದು ಹೇಳುತ್ತದೆ. ಬಿಡದಿಯಲ್ಲಿ 1999ರಿಂದ ಕಾರು ತಯಾರಾಗುತ್ತಿದೆ. ಆ ಮಣ್ಣಿನಲ್ಲಿ, ಆ ನೀರಿನಲ್ಲಿ, ಕನ್ನಡದ ಕೈಗಳಿಂದ ಹೊರಬೀಳುವ ಗಾಡಿಗೆ ಈ ಕಾಯ್ದೆ ಅನ್ವಯಿಸುತ್ತದೆಯೋ ಇಲ್ಲವೋ ಎಂದು ಸರಕಾರ ಬಾಯಿ ಬಿಟ್ಟು ಹೇಳಲಿ. ಅನ್ವಯಿಸುವುದಾದರೆ ಬಳಕೆಯ ಸೂಚನೆ ಎಂಬುದರೊಳಗೆ ಕಾರಿನ ಕೈಪಿಡಿಯೂ, ಲಿವರಿನ ಪಕ್ಕದ ಎಚ್ಚರಿಕೆಯ ಚೀಟಿಯೂ ಬರುತ್ತದೆ ಎಂದು ಆದೇಶ ಹೊರಡಿಸಲಿ.

ಚಳವಳಿಯ ಗೆಳೆಯರಿಗೂ ಹೇಳಬೇಕು. 2024ರ ತಿದ್ದುಪಡಿಯಿಂದ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಬಂತು. ಅದಕ್ಕೆ ಬೀದಿಗಿಳಿದವರಿಗೆ, ಕೇಸು ಹಾಕಿಸಿಕೊಂಡವರಿಗೆ ನಮಸ್ಕಾರ. ಆದರೆ ಫಲಕ ಅಂಗಡಿಯ ಹೊರಗಿನ ಕನ್ನಡ. ಒಳಗಿನ ಬಿಲ್ಲು? ಜಾಬ್ ಕಾರ್ಡು? ಬಾನೆಟ್ಟಿನ ಅಡಿಯ ಎಚ್ಚರಿಕೆ? ಸರೋಜಿನಿ ಮಹಿಷಿ ವರದಿ 1986ರಲ್ಲಿ ಬಂದಾಗಿನಿಂದ ಕನ್ನಡಿಗರಿಗೆ ಉದ್ಯೋಗ ಕೊಡಿ ಎಂದು ಕೂಗುತ್ತಿದ್ದೇವೆ, ಕೂಗಲೇಬೇಕು. ಅದರ ಜೊತೆಗೆ ಕೈಯಲ್ಲಿರುವ ಉದ್ಯೋಗ ಜಾರಿಹೋಗದಂತೆಯೂ ನೋಡಬೇಕು. ಗಾಡಿ ಕಾರ್ಬ್ಯುರೇಟರಿನಿಂದ ಕಂಪ್ಯೂಟರಿಗೆ ಹೋಯಿತು, ಗೇರು ಕೈಯಿಂದ ಆಟೋಮ್ಯಾಟಿಕ್ಕಿಗೆ ಹೋಗುತ್ತಿದೆ, ನಾಳೆ ಬ್ಯಾಟರಿ ಗಾಡಿ. ಪ್ರತಿ ತಿರುವಿನಲ್ಲೂ ಕನ್ನಡದಲ್ಲಿ ಕಲಿಯಲು ಏನೂ ಸಿಗದೆ ಒಂದಷ್ಟು ಗ್ಯಾರೇಜುಗಳ ಬಾಗಿಲು ಮುಚ್ಚಿದರೆ, ಆ ಜಾಗದಲ್ಲಿ ಕನ್ನಡದ ಫಲಕ ನೇತುಹಾಕಿ ಏನು ಪ್ರಯೋಜನ?

ನಮ್ಮ ಹಕ್ಕೊತ್ತಾಯ

1. ಕರ್ನಾಟಕದಲ್ಲಿ ಮಾರಾಟವಾಗುವ ಪ್ರತಿ ವಾಹನದ ಬಳಕೆದಾರರ ಕೈಪಿಡಿ, ವಾರಂಟಿ, ಎಚ್ಚರಿಕೆ ಚೀಟಿಗಳು ಕನ್ನಡದಲ್ಲಿ ಬರಬೇಕು. ಜೀವಕ್ಕೆ ಸಂಬಂಧಿಸಿದ ಸೂಚನೆ ಓದಲಾಗದ ಭಾಷೆಯಲ್ಲಿದ್ದರೆ ಅದು ಸೂಚನೆಯೇ ಅಲ್ಲ.

2. ವೈರಿಂಗ್ ನಕ್ಷೆ, ರೋಗ ಪತ್ತೆಯ ಕ್ರಮ, ಕೋಡುಗಳ ಅರ್ಥ ಹೊರಗಿನ ಗ್ಯಾರೇಜುಗಳಿಗೆ ನ್ಯಾಯವಾದ ಬೆಲೆಯಲ್ಲಿ, ಕನ್ನಡದಲ್ಲಿ ಸಿಗಬೇಕು. ಕೇಂದ್ರದ 'ರಿಪೇರಿ ಹಕ್ಕಿ'ನಲ್ಲಿ ಭಾಷೆಯ ಹಕ್ಕೂ ಸೇರಬೇಕು.

3. ಪೊಟ್ಟಣದ ನಿಯಮದಲ್ಲಿ 'ಹಿಂದಿ ಅಥವಾ ಇಂಗ್ಲಿಷ್' ಎಂಬುದನ್ನು ತಿದ್ದಿ, ವಸ್ತು ಮಾರಾಟವಾಗುವ ರಾಜ್ಯದ ಭಾಷೆಯನ್ನು ಕಡ್ಡಾಯ ಮಾಡಬೇಕು. ನಮ್ಮ ಸಂಸದರು ಇದನ್ನು ಲೋಕಸಭೆಯಲ್ಲಿ ಎತ್ತಲಿ.

4. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಗ್ಯಾರೇಜಿನವರನ್ನೇ ಕೂರಿಸಿಕೊಂಡು ಮೋಟಾರು ಕೆಲಸದ ಪದಪುಸ್ತಕ ಮಾಡಬೇಕು. ಪಂಡಿತರು ಕಾಗುಣಿತ ತಿದ್ದಲಿ, ಪದ ಮಾತ್ರ ಮೆಕ್ಯಾನಿಕ್ ಹೇಳಲಿ.

5. ಸರ್ವಿಸ್ ಸೆಂಟರುಗಳು ಬಿಲ್ಲಿನ ಜೊತೆ ಏನು ದೋಷ, ಯಾವ ಪರೀಕ್ಷೆಯಿಂದ ತಿಳಿಯಿತು, ಏನು ಬದಲಾಯಿಸಿದೆ ಎಂದು ಕನ್ನಡದಲ್ಲಿ ಬರೆದುಕೊಡಬೇಕು. ಹಳೇ ಭಾಗವನ್ನು ಗಿರಾಕಿಗೆ ತೋರಿಸಬೇಕು.

ಓದುಗ ಬಂಧುಗಳೇ, ನೀವು ಮಾಡಬೇಕಾದ್ದೂ ಇದೆ. ಹೊಸ ಕಾರು ಕೊಳ್ಳುವವರು ಷೋರೂಮಿನಲ್ಲಿ ಸಹಿ ಹಾಕುವ ಮುಂಚೆ 'ಕನ್ನಡದ ಕೈಪಿಡಿ ಎಲ್ಲಿ?' ಎಂದು ಕೇಳಿ. ಇಲ್ಲ ಅಂದರೆ ಬರೆದುಕೊಡಿ ಅನ್ನಿ. ಒಬ್ಬ ಕೇಳಿದರೆ ನಗುತ್ತಾರೆ, ನೂರು ಜನ ಕೇಳಿದರೆ ಮೇಲಿನವರಿಗೆ ಫೋನು ಮಾಡುತ್ತಾರೆ, ಸಾವಿರ ಜನ ಕೇಳಿದರೆ ಅಚ್ಚು ಹಾಕಿಸುತ್ತಾರೆ. ಈಗಾಗಲೇ ಕಾರು ಇರುವವರು ಇವತ್ತೇ ಡ್ಯಾಶ್‌ಬೋರ್ಡಿನ ಪೆಟ್ಟಿಗೆ ತೆರೆದು ಆ ಪುಸ್ತಕ ಯಾವ ಭಾಷೆಯಲ್ಲಿದೆ ನೋಡಿ. ಕನ್ನಡದಲ್ಲಿ ಇಲ್ಲದಿದ್ದರೆ ಕಂಪನಿಗೆ ಒಂದು ಕಾಗದ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಕಾರಿಲ್ಲದವರು ಈ ಪುಟವನ್ನು ಪರಿಚಯದ ಗ್ಯಾರೇಜಿಗೆ ಕೊಟ್ಟು ಬನ್ನಿ. ನಮ್ಮ ಸಂಘಟನೆಗಳ ಪ್ರತಿ ಶಾಖೆಯೂ ರಾಜ್ಯೋತ್ಸವದ ಆರ್ಕೆಸ್ಟ್ರಾದ ದುಡ್ಡಿನಲ್ಲಿ ಸ್ವಲ್ಪ ಉಳಿಸಿ, ಒಬ್ಬ ಬಲ್ಲ ಮೆಕ್ಯಾನಿಕ್ಕನ್ನು ಕರೆಸಿ ಒಂದು ದಿನದ ಕನ್ನಡ ಪಾಠ ಮಾಡಿಸಲಿ. ಒಂದು ಮೀಟರು, ಒಂದು ಹಳೇ ಸಾಲಿನಾಯ್ಡು, ಒಂದು ಬ್ಯಾಟರಿ ಇದ್ದರೆ ಸಾಕು.

ಇಂಗ್ಲಿಷ್ ಬಲ್ಲವನಿಗೆ ಒಂದು ಬೆಲೆ, ಕೆಲಸ ಬಲ್ಲವನಿಗೆ ಒಂದು ಬೆಲೆ ಎಂಬ ಈ ಅನ್ಯಾಯ ನಿಲ್ಲಬೇಕು. ಕೆಲಸ ಗೊತ್ತಿರುವ ಕೈಗೆ ಅದರ ಭಾಷೆಯಲ್ಲೇ ಪುಸ್ತಕ ಕೊಡಿ. ಉಳಿದದ್ದನ್ನು ಆ ಕೈ ನೋಡಿಕೊಳ್ಳುತ್ತದೆ.

ಕೇಳೋಣ, ಜೋರಾಗಿಯೇ ಕೇಳೋಣ. ಸಿರಿಗನ್ನಡಂ ಗೆಲ್ಗೆ!